ಒಗೆಯೋರು ಯಾರು?

ಮಗಳ ಬಾಣಂತನಕ್ಕೆಂದು ನನ್ನ ಹಳೆಯ ಹತ್ತಿ ಸೀರೆಗಳನ್ನೂ ಯಜಮಾನರ ಮೆತ್ತಗಾದ ಪಂಚೆಗಳನ್ನೂ ಹರಿದು, ಅಂಚು ಹೊಲಿದು, ಮೂರು ಡಜನ್ ಲಂಗೋಟಿ ಮಾಡಿಟ್ಟುಕೊಂಡಿದ್ದೆ. ಅವಳು ಆಸ್ಪತ್ರೆಯಿಂದ ಬಂದದ್ದು ಮಗುವಿನ ಜೊತೆಗೆ ಎರಡು ಕಟ್ಟು ಡೈಪರ್ ಹಿಡಿದುಕೊಂಡು. ನನಗೆ ಮಾತಾಡಲು ಅಷ್ಟೇ ಸಾಕಾಯಿತು. ಹೊರಗೆ ಪ್ಲಾಸ್ಟಿಕ್ ಹಾಳೆ, ಒಳಗೆ ಮರದ ತಿರುಳು, ನೀರು ಹೀರಿ ಲೋಳೆಯಾಗುವ ರಾಸಾಯನಿಕ ಪುಡಿ. ನಾವು ಸತ್ತು ಎಷ್ಟೋ ಕಾಲವಾದ ಮೇಲೂ ಮಣ್ಣಿನಲ್ಲಿ ಕೊಳೆಯದೆ ಬಿದ್ದಿರುತ್ತದೆ ಎಂದೆಲ್ಲ ಹೇಳಿದೆ. ಅವಳು ಮಗುವಿನ ಬೆನ್ನು ತಟ್ಟುತ್ತಾ ಪೂರ್ತಿ ಕೇಳಿಸಿಕೊಂಡು, "ಸರಿ ಅಮ್ಮಾ, ಒಗೆಯೋರು ಯಾರು?" ಎಂದಳು.

"ಕೆಲಸದವಳು ಇದ್ದಾಳಲ್ಲ" ಎಂದುಬಿಟ್ಟೆ.

ಅಂದ ಮೇಲೆ ನನಗೇ ಕಸಿವಿಸಿಯಾಯಿತು. ಭೂಮಿಯ ಬಗ್ಗೆ ಅಷ್ಟು ಮರುಗಿದವಳು ಆ ಹೊಲಸನ್ನು ಎಷ್ಟು ಸಲೀಸಾಗಿ ಇನ್ನೊಬ್ಬಳ ಕೈಗೆ ದಾಟಿಸಿದ್ದೆ! ಇದು ನಾನೊಬ್ಬಳೇ ಕಲಿತ ಬುದ್ಧಿಯೇನಲ್ಲ. ನನ್ನ ತವರಿನ ಹಳ್ಳಿಯಲ್ಲಿ ಪುರುಡಿನ ಹತ್ತು ದಿನ ಬಾಣಂತಿಯ, ಕೂಸಿನ ಬಟ್ಟೆಗಳನ್ನು ಮನೆಯವರು ಮುಟ್ಟುತ್ತಿರಲಿಲ್ಲ. ಮಡಿವಾಳರ ಹೆಂಗಸು ಹಿತ್ತಲ ಬಾಗಿಲಿಗೆ ಬಂದು ಗಂಟು ಕಟ್ಟಿಕೊಂಡು ಕೆರೆಗೆ ಹೋಗುತ್ತಿದ್ದಳು. ಅವಳಿಗೆ ಕುಡಿಯಲು ನೀರನ್ನು ಮೇಲಿನಿಂದ ಹೊಯ್ಯುತ್ತಿದ್ದರು. ನಮ್ಮ ಮೈಲಿಗೆ ತೊಳೆದುಕೊಟ್ಟವಳೇ ನಮಗೆ ಮೈಲಿಗೆ! ನಾವು ಹೊಗಳುವ ಹಳೆಯ ಕಾಲದ ಬಟ್ಟೆಯ ಲಂಗೋಟಿಯಲ್ಲಿ ಈ ಗಂಟೂ ಇತ್ತು.

ಹಾಗಾದರೆ ಡೈಪರೇ ಮೇಲೆಂದೇ? ಅದನ್ನೂ ಒಂದು ಕೈ ಎತ್ತಲೇಬೇಕು. ಡೈಪರ್, ಪ್ಯಾಡುಗಳನ್ನು ಬೇರೆಯಾಗಿ ಸುತ್ತಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ಬೆಂಗಳೂರಿನಲ್ಲಿ ಕೆಲವು ನಾಗರಿಕರು ಪೇಪರಿನಲ್ಲಿ ಸುತ್ತಿ ಮೇಲೊಂದು ಕೆಂಪು ಚುಕ್ಕೆ ಇಡಿ, ಪೌರಕಾರ್ಮಿಕರು ಬಿಚ್ಚಿ ನೋಡುವುದು ತಪ್ಪುತ್ತದೆ ಎಂದು ಮನೆಮನೆಗೆ ಹೇಳಿದರು. ಒಂದು ಚುಕ್ಕೆ ಇಡಲೂ ನಮಗೆ ಸೋಮಾರಿತನ. ನಮ್ಮ ಬೀದಿಯ ಗಾಡಿಯವಳು ಬರಿಗೈಯಲ್ಲಿ ಬೇರ್ಪಡಿಸುವುದನ್ನು ನಾನೇ ಕಂಡಿದ್ದೇನೆ.

ಬಟ್ಟೆಯೆಂದ ಮಾತ್ರಕ್ಕೆ ಪುಣ್ಯವೂ ಅಲ್ಲವಂತೆ. 2008ರಲ್ಲಿ ಬ್ರಿಟನ್ನಿನ ಪರಿಸರ ಇಲಾಖೆ ಲೆಕ್ಕ ಹಾಕಿದಾಗ, ತುಂಬ ಬಿಸಿ ನೀರಿನಲ್ಲಿ ಒಗೆದು ಯಂತ್ರದಲ್ಲೇ ಒಣಗಿಸಿದರೆ ಬಟ್ಟೆಯ ಹೊರೆ ಡೈಪರಿನದನ್ನೂ ಮೀರಬಹುದೆಂದು ಕಂಡಿತು. ಹೊರಗೆ ಒಣಗಿಸಿ, ಎರಡನೆಯ ಕೂಸಿಗೂ ಅದನ್ನೇ ಬಳಸಿದರೆ ಬಟ್ಟೆಯೇ ಲೇಸು. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ; ಬರವಿರುವುದು ನೀರಿಗೆ. ನಲ್ಲಿ ಮೂರು ದಿನಕ್ಕೊಮ್ಮೆ ಬರುವ ಮನೆಯ ತಾಯಿಗೆ, ಅವಳಿ ಮಕ್ಕಳನ್ನು ಹೆತ್ತವಳಿಗೆ ನಾನು ಯಾವ ಬಾಯಲ್ಲಿ ಉಪದೇಶ ಮಾಡಲಿ?

ಮಾರನೆಯ ದಿನದಿಂದ ನಾನೇ ಒಗೆದೆ. ಮೊದಲು ತಣ್ಣೀರು, ಆಮೇಲೆ ಸೋಪು. ಬಿಸಿನೀರು ಮೊದಲೇ ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ. ನಾಲ್ಕನೆಯ ದಿನಕ್ಕೆ ಮಂಡಿ ಕೈಕೊಟ್ಟಿತು. ಶನಿವಾರ ಬಂದ ಅಳಿಯಂದಿರು ಬಕೆಟ್ ಎಳೆದುಕೊಂಡು ಕೂತರು. "ಅಯ್ಯೋ, ನೀವು ಬಿಡಿ" ಎಂಬುದು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಎದುರುಮನೆಯಾಕೆ ಮಹಡಿಯಿಂದ ನೋಡಿ ನಕ್ಕರು. ನಗಲಿ.

ಮಗಳ ನಿದ್ದೆಗೆಂದು ರಾತ್ರಿ ಮಾತ್ರ ಡೈಪರು ಎಂದು ಒಪ್ಪಂದವಾಗಿದೆ. ಬೆಳಿಗ್ಗೆ ಅದನ್ನು ಪೇಪರಿನಲ್ಲಿ ಸುತ್ತುತ್ತಾ ಅಳಿಯಂದಿರು ಕೇಳಿದರು: "ಅತ್ತೆ, ಕೆಂಪು ಪೆನ್ನು ಎಲ್ಲಿಟ್ಟಿದ್ದೀರಿ?"