ಬಾಟಲಿಯ ಮೇಲಿನ ಹೆಸರು

ಇಂದಿನ ಧಮ್ಮ ಚಿಂತನೆ: ನಾಲ್ಕನೆಯ ಶೀಲ



ಕಳೆದ ಭಾನುವಾರ ವಂದನೆ ಮುಗಿದ ಮೇಲೆ ನಮ್ಮ ಅಧ್ಯಯನ ಬಳಗದಲ್ಲಿ ಪಂಚಶೀಲದ ಬಗ್ಗೆ ಮಾತು ನಡೆಯಿತು. ಮೈಸೂರಿನಲ್ಲಿ ಓದುತ್ತಿರುವ ಒಬ್ಬ ಹುಡುಗ ಎದ್ದು ಕೇಳಿದ: "ಬಾಡಿಗೆ ರೂಮು ಕೇಳೋಕೆ ಹೋದಾಗ ನಾನು ಜಾತಿ ಹೇಳಲಿಲ್ಲ. ಹೇಳಿದ್ರೆ ರೂಮು ಸಿಗ್ತಿರಲಿಲ್ಲ. ಇದು ಮುಸಾವಾದ ಆಗುತ್ತಾ?" ಯಾರೂ ತಕ್ಷಣ ಉತ್ತರ ಕೊಡಲಿಲ್ಲ. ನಾನೂ ಸುಮ್ಮನಿದ್ದೆ. ಆದರೆ ಆ ಪ್ರಶ್ನೆ ನನಗೆ ಹೊಸದಲ್ಲ. ಮೂರು ವರ್ಷದ ಹಿಂದೆ ಒಂದು ಉಪ್ಪಿನಕಾಯಿ ಬಾಟಲಿಯಿಂದಾಗಿ ನಾನೂ ಇದೇ ಪ್ರಶ್ನೆ ಎದುರಿಸಿದ್ದೆ. ಅವತ್ತಿನ ಸಂಗತಿಯನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಹುಣಸೂರು, ಪಿರಿಯಾಪಟ್ಟಣದ ಕಡೆ ಕೂಲಿ ಮಾಡಿದವರಿಗೆ ಒಣಗಿಸುವ ಕೆಲಸ ಚೆನ್ನಾಗಿ ಗೊತ್ತು. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್‌ಗೆ ಏರಿಸಿದ ಕೈಗಳು ನಮ್ಮವು. ಬೇಸಿಗೆಯಲ್ಲಿ ಅದೇ ಕೈ ಮನೆಯ ಕೆಲಸಕ್ಕೆ ತಿರುಗುತ್ತದೆ. ಯುಗಾದಿ ಕಳೆಯುತ್ತಿದ್ದಂತೆ ಮೆಣಸಿನಕಾಯಿ ಸೀಳಿ ಉಪ್ಪು ಮಜ್ಜಿಗೆಯಲ್ಲಿ ನೆನೆಸಿ ಬಾಳಕ ಒಣಗಿಸುತ್ತೇವೆ. ಅಕ್ಕಿ ಸಂಡಿಗೆ ಇಡುತ್ತೇವೆ. ಹುಣಸೆಹಣ್ಣಿನ ಬೀಜ ಬಿಡಿಸಿ ಉಪ್ಪು ಬೆರೆಸಿ ಉಂಡೆ ಕಟ್ಟಿ ಮಡಕೆಗೆ ತುಂಬುತ್ತೇವೆ. ಕೊನೆಗೆ ಮಾವಿನಕಾಯಿ. ಮಳೆಗಾಲದಲ್ಲಿ ಕೂಲಿ ಇಲ್ಲದ ದಿನ ಮುದ್ದೆಗೆ ನೆಂಚಿಕೊಳ್ಳಲು ಏನಾದರೂ ಇರಲಿ ಎಂದು ನಮ್ಮ ಅವ್ವಂದಿರು ಮಾಡಿಕೊಂಡು ಬಂದ ಕೆಲಸ ಇದು.

ನನ್ನ ಅವ್ವ ಊರಿನ ಒಂದು ದೊಡ್ಡ ಮನೆಯವರ ತೋಟದಲ್ಲಿ ಮಾವಿನಕಾಯಿ ಕೀಳಲು ಹೋಗುತ್ತಿದ್ದಳು. ಕಿತ್ತು, ಮಂಕರಿಗೆ ತುಂಬಿ, ತಲೆ ಮೇಲೆ ಹೊತ್ತು ಆ ಮನೆಯ ಜಗುಲಿಯ ಕೆಳಗೆ ಇಳಿಸುವಳು. ಅಲ್ಲಿಂದ ಮುಂದೆ ಹೋಗುವಂತಿರಲಿಲ್ಲ. ಕಾಯಿ ಹೆಚ್ಚಿ ಉಪ್ಪು ಬೆರೆಸಿದ ಮೇಲಂತೂ ಅವಳು ಜಾಡಿಯ ಕಡೆ ಸುಳಿಯುವ ಹಾಗೇ ಇರಲಿಲ್ಲ. "ಮರದಲ್ಲಿ ಮುಟ್ದಾಗ ಆಗ್ದೆ ಇರೋ ಮೈಲಿಗೆ ಉಪ್ಪು ಬಿದ್ಮೇಲೆ ಯಾಕವ್ವಾ ಆಯ್ತದೆ?" ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. "ಅದು ಕಾಯ್ಗೆ ಗೊತ್ತಿಲ್ಲ ಮಗಾ, ಅವ್ರಿಗೆ ಗೊತ್ತು" ಅಂದಿದ್ದಳು.

ಕಾಯಿಗೆ ಗೊತ್ತಿರುವುದು ನೀರು ಮತ್ತು ಉಪ್ಪು ಮಾತ್ರ. ನಾನು 5 ಕೆ.ಜಿ. ಹೋಳಿಗೆ 1 ಕೆ.ಜಿ. ಉಪ್ಪು ಹಾಕುತ್ತೇನೆ. ಹುಳಿಮಾವನ್ನು ತೊಳೆದು, ಒಂದೊಂದನ್ನೂ ಒಣಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿಯೇ ಹೆಚ್ಚುವುದು. ಜಾಡಿಯನ್ನು ಬಿಸಿಲಿಗೆ ಇಟ್ಟು ಒಣಗಿಸಬೇಕು. ಉಪ್ಪು ಹೋಳಿನ ನೀರನ್ನು ಹೊರಗೆ ಎಳೆಯುತ್ತದೆ. ಅಷ್ಟು ಉಪ್ಪು, ಅಷ್ಟು ಹುಳಿ ಇದ್ದ ಕಡೆ ಕೊಳೆಸುವ ಜೀವಾಣುಗಳು ಬೆಳೆಯಲಾರವು. ಮೇಲೆ ನಿಂತ ಎಣ್ಣೆ ಗಾಳಿಯನ್ನು ತಡೆಯುತ್ತದೆ. ಇಷ್ಟೇ ಗುಟ್ಟು. ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯಲ್ಲಿ 1950ರಿಂದ ಆಹಾರ ಕೆಡದಂತೆ ಕಾಯುವ ವಿಜ್ಞಾನ ನಡೆಯುತ್ತಿದೆ. ಆ ವಿಜ್ಞಾನದಲ್ಲಿ ಮಾಡಿದವರ ಜಾತಿಗೆ ಜಾಗವಿಲ್ಲ.

ಮುಟ್ಟಾದ ಹೆಂಗಸು ಉಪ್ಪಿನಕಾಯಿ ಜಾಡಿ ಮುಟ್ಟಬಾರದು, ಕೆಟ್ಟುಹೋಗುತ್ತದೆ ಅನ್ನುತ್ತಾರೆ. ನಮ್ಮ ಜನ ಮುಟ್ಟಿದರೂ ಕೆಡುತ್ತದೆ ಅನ್ನುತ್ತಿದ್ದರು. ಎರಡರಲ್ಲೂ ಇರುವುದು ಅದೇ 'ಮುಟ್ಟು'. ನಾನು ಆ ದಿನಗಳಲ್ಲೂ ಒಣಗಿದ ಸೌಟು ಹಾಕಿ ತೆಗೆದು ನೋಡಿದ್ದೇನೆ, ಕೆಟ್ಟಿಲ್ಲ. ಒಮ್ಮೆ ಬೇರೆ ದಿನದಲ್ಲಿ ಮರೆತು ಒದ್ದೆ ಚಮಚ ಹಾಕಿದೆ, ಸ್ವಲ್ಪ ದಿನದಲ್ಲೇ ಬೂಷ್ಟು ಬಂತು. ಕಾರಣ ಇದ್ದರೆ ಫಲ, ಕಾರಣ ಇಲ್ಲದಿದ್ದರೆ ಫಲವಿಲ್ಲ. ಪಟಿಚ್ಚಸಮುಪ್ಪಾದ ಎಂಬ ದೊಡ್ಡ ಮಾತು ನನಗೆ ಅರ್ಥವಾದದ್ದು ಆ ಜಾಡಿಯಿಂದ.

ಇನ್ನು ಮೇಳದ ಕಥೆ. ನಮ್ಮ ಸೀಮೆಯಲ್ಲಿ ಜಾತ್ರೆ, ಮೇಳಗಳಿಗೆ ಬರವಿಲ್ಲ. ಸಂಕ್ರಾಂತಿ ಸಮಯಕ್ಕೆ ಚುಂಚನಕಟ್ಟೆಯ ದನಗಳ ಜಾತ್ರೆ, ದಸರಾಕ್ಕೆ ಮೈಸೂರಿನ ವಸ್ತುಪ್ರದರ್ಶನ. ಅಂಥ ದೊಡ್ಡದಲ್ಲ, ನಮ್ಮ ಕಡೆಯೇ ನಡೆದ ಒಂದು ಚಿಕ್ಕ ಮೇಳದಲ್ಲಿ ಮಹಿಳಾ ಸಂಘಗಳಿಗೆ ಮಳಿಗೆ ಕೊಟ್ಟಿದ್ದರು. ಜೊತೆಗೆ ಮನೆಯಲ್ಲಿ ಮಾಡಿದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಸ್ಪರ್ಧೆ ಇತ್ತು. ನಮ್ಮ ಸಂಘಕ್ಕೆ ತಾಯಿ ರಮಾಬಾಯಿಯವರ ಹೆಸರಿಟ್ಟಿದ್ದೇವೆ. ಬಾಟಲಿಗೆ ಚೀಟಿ ಅಂಟಿಸುವಾಗ ಸಂಘದ ಹಿರಿಯಕ್ಕ ಹೇಳಿದರು: "ಸಂಘದ ಹೆಸ್ರು ಹಾಕ್ಬ್ಯಾಡ ಕಣವ್ವ. ಓದ್ದೋರ್ಗೆ ಯಾರು ಅಂತ ಗೊತ್ತಾಯ್ತದೆ. ಬರೀ 'ಮನೆ ಉಪ್ಪಿನಕಾಯಿ' ಅಂತ ಬರಿ. ಹಾಕಿದ ಬಂಡ್ವಾಳ ಆದ್ರೂ ಬರ್ಲಿ." ಅವರ ಮಾತಿನಲ್ಲಿ ಅಂಜಿಕೆಗಿಂತ ಅನುಭವ ಇತ್ತು. ನಾನು ಒಪ್ಪಿಕೊಂಡೆ.

ಮೊದಲ ದಿನವೇ 30 ಬಾಟಲಿಯೂ ಖಾಲಿ. ಸ್ಪರ್ಧೆಯಲ್ಲಿ ಹೆಸರಿರಲಿಲ್ಲ, ತಟ್ಟೆಗೆ ನಂಬರು ಮಾತ್ರ. ತೀರ್ಪುಗಾರರು ರುಚಿ ನೋಡಿ ನನ್ನ ನಂಬರಿಗೆ ಎರಡನೇ ಬಹುಮಾನ ಕೊಟ್ಟರು. ಆಮೇಲೆ ಮೈಕಿನಲ್ಲಿ ನನ್ನ ಹೆಸರು, ಊರು, ಸಂಘದ ಹೆಸರು ಎಲ್ಲವನ್ನೂ ಕೂಗಿದರು. ನಾನು ಸಂತೋಷದಿಂದಲೇ ಹೋಗಿ ತೆಗೆದುಕೊಂಡೆ.

ಮಾರನೆಯ ದಿನ ಒಬ್ಬ ಹೆಂಗಸು ಒಂದು ಬಾಟಲಿ ಹಿಡಿದು ಬಂದರು. ಮುಚ್ಚಳ ತೆರೆದಾಗಿತ್ತು. ಮೇಲಿನ ನಾಲ್ಕು ಹೋಳು ಇರಲಿಲ್ಲ. "ಮನೇಲಿ ಬ್ಯಾಡ ಅಂದ್ರು" ಅಂದರು. ಚೆನ್ನಾಗಿರಲಿಲ್ಲವಾ ಎಂದು ಕೇಳಿದೆ. "ಹಂಗೇನಿಲ್ಲ" ಎಂದು ಆ ಕಡೆ ಮುಖ ಮಾಡಿದರು. 120 ರೂಪಾಯಿ ವಾಪಸು ಕೊಟ್ಟೆ. ಹೋಗುವಾಗ ಅಂದರು: "ನೀವು ಮೊದ್ಲೇ ಹೇಳ್ಬೇಕಿತ್ತು ಕಣಮ್ಮ."

ಆ ಬಾಟಲಿಯನ್ನು ಮನೆಗೆ ತಂದು ನಾವೇ ತಿಂದು ಮುಗಿಸಿದೆವು. ಆದರೆ ಆ ಮಾತು ಮುಗಿಯಲಿಲ್ಲ. ನಾನು ಸುಳ್ಳು ಹೇಳಿ ಮಾರಿದೆನಾ? ದೀಕ್ಷೆಯ ದಿನ ಬಾಬಾಸಾಹೇಬರ 22 ಪ್ರತಿಜ್ಞೆ ತೆಗೆದುಕೊಂಡವಳು ನಾನು. ಅದರಲ್ಲಿ ಸುಳ್ಳು ಹೇಳುವುದಿಲ್ಲ ಎಂಬುದೂ ಇದೆ, ಎಲ್ಲ ಮನುಷ್ಯರೂ ಸಮಾನರು ಎಂಬುದೂ ಇದೆ.

ಮೊದಲು ನೆನಪಾದದ್ದು ಭಂತೆ ಆನಂದರ ಕಥೆ. ಬಾವಿಯ ಹತ್ತಿರ ಆನಂದರು ನೀರು ಕೇಳಿದಾಗ ಆ ಹುಡುಗಿ, ತಾನು ಚಂಡಾಲ ಕುಲದವಳು ಎಂದು ಮೊದಲೇ ಹೇಳಿಬಿಡುತ್ತಾಳೆ. ಹೇಳಲೇಬೇಕು ಎಂದು ಅವಳಿಗೆ ಕಲಿಸಿದ್ದರು. ಆನಂದರು, ತಾನು ಕೇಳಿದ್ದು ನೀರು, ಕುಲವನ್ನಲ್ಲ ಎನ್ನುತ್ತಾರೆ. ಮೊದಲೇ ಹೇಳಬೇಕಿತ್ತು ಎಂಬ ನಿಯಮ ಎಷ್ಟು ಹಳೆಯದು ನೋಡಿ. ಅದು ಒಂದು ಕಡೆಯವರಿಗೆ ಮಾತ್ರ ಇರುವ ನಿಯಮ. ನಮಗೆ ಅಕ್ಕಿ, ಬೆಲ್ಲ, ಎಣ್ಣೆ ಮಾರುವವರು ತಮ್ಮ ಜಾತಿ ಹೇಳಿ ಮಾರುವುದಿಲ್ಲ. ನಾವೂ ಕೇಳುವುದಿಲ್ಲ. ಆ ಹೆಂಗಸು ಎಣ್ಣೆ ಯಾವುದು, ಎಷ್ಟು ದಿನ ಇರುತ್ತದೆ ಎಂದು ಕೇಳಿದ್ದರು. ಅಷ್ಟಕ್ಕೂ ನಾನು ನಿಜವನ್ನೇ ಹೇಳಿದ್ದೆ. ಜಾತಿ ಹೇಳದಿರುವುದು ಸುಳ್ಳಲ್ಲ. ಉಪ್ಪಿನಕಾಯಿಯ ಗುಣಕ್ಕೂ ಜಾತಿಗೂ ಸಂಬಂಧವೇ ಇಲ್ಲದ ಮೇಲೆ ಮುಚ್ಚಿಟ್ಟದ್ದಾದರೂ ಏನು?

ಇಲ್ಲಿಗೆ ನಿಲ್ಲಿಸಿದರೆ ನನಗೆ ಅನುಕೂಲ. ಆದರೆ ಇನ್ನೊಂದು ಮಾತಿದೆ. ಮೊದಲ ದಿನ ಬೇರೊಬ್ಬರು ಬಂದು, ನಾಲ್ಕು ಬಾಟಲಿ ಕೈಯಲ್ಲಿ ಹಿಡಿದುಕೊಂಡು ನೇರವಾಗಿ ಕೇಳಿದ್ದರು: "ಯಾವ ಜನ ನೀವು?" ನಾನು "ಬೇಸಾಯದೋರು ಕಣಣ್ಣ" ಅಂದಿದ್ದೆ. ನಮಗೆ ಅರ್ಧ ಎಕರೆ ಇದೆ, ರಾಗಿ ಬೆಳೆಯುತ್ತೇವೆ. ಮಾತು ಅಕ್ಷರಶಃ ನಿಜ. ಆದರೆ ಅವರು ಏನೆಂದು ತಿಳಿದುಕೊಳ್ಳಲಿ ಎಂದು ಹಾಗೆ ಅಂದೆ ಎಂಬುದು ನನಗೆ ಗೊತ್ತು. ಚೇತನವೇ, ಅಂದರೆ ಉದ್ದೇಶವೇ ಕಮ್ಮ ಎಂದು ಭಗವಾನ್ ಬುದ್ಧರು ಹೇಳಿದ್ದಾರೆ. ಆ ಲೆಕ್ಕದಲ್ಲಿ ಸುಮ್ಮನಿದ್ದದ್ದು ಸುಳ್ಳಲ್ಲ, ನಿಜವನ್ನೇ ಹೇಳಿದ ಆ ಮಾತು ಸುಳ್ಳು.

ಇದನ್ನು ಒಪ್ಪಿಕೊಂಡ ಮೇಲೆ ಬಾಬಾಸಾಹೇಬರು ನೆನಪಾದರು. 1917ರಲ್ಲಿ ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದಾಗ ಅವರಿಗೆ ತಂಗಲು ಜಾಗ ಸಿಗಲಿಲ್ಲ. ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಮಂದ ಲಾಂದ್ರದ ಬೆಳಕಿನಲ್ಲಿ ಒಂಟಿಯಾಗಿ ಪುಸ್ತಕ ಹಿಡಿದು ರಾತ್ರಿ ಕಳೆದರು. 11ನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಗೆಳೆಯರ ಮನೆಯಲ್ಲೂ ಜಾಗ ಸಿಗದೆ, ಊರಿನ ಉದ್ಯಾನದಲ್ಲಿ ದುಃಖದಿಂದ ಕೂತು, ರಾತ್ರಿಯ ರೈಲಿಗೆ ಬೊಂಬಾಯಿಗೆ ಹೊರಟರು. ಇದನ್ನು ಬೇರೆ ಯಾರೋ ಹುಡುಕಿ ಹೇಳಿದ್ದಲ್ಲ. 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಅವರೇ ಬರೆದಿದ್ದಾರೆ, ಹೆಸರು ಬದಲಿಸಿದ್ದನ್ನೂ ಮುಚ್ಚಿಡದೆ.

ಅದೇ ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಇಳಿದು ಎಲ್ಲರೂ ನೋಡುವಂತೆ ನೀರು ಕುಡಿದರು. ಅಲ್ಲಿ ಹೆಸರು ಮುಚ್ಚಲಿಲ್ಲ. ನಾವು ಅಸ್ಪೃಶ್ಯರೆಂದು ನೀವು ಕರೆಯುವ ಜನ, ನಾವೂ ನಿಮ್ಮಂತೆ ಮನುಷ್ಯರು ಎಂದು ತೋರಿಸಲಿಕ್ಕೇ ಕುಡಿದರು. ಆಮೇಲೆ ಏಟು ಬಿತ್ತು, ಕೆರೆಯನ್ನು 'ಶುದ್ಧ' ಮಾಡಿದರು, ಮೊಕದ್ದಮೆ ನಡೆಯಿತು. ಬೊಂಬಾಯಿ ಹೈಕೋರ್ಟು ನಮ್ಮ ಪರ ಹೇಳುವಷ್ಟರಲ್ಲಿ 1937 ಬಂದಿತ್ತು.

ಬರೋಡಾಕ್ಕೂ ಮಹಾಡಕ್ಕೂ ನಡುವೆ ಹತ್ತು ವರ್ಷ. ವ್ಯಕ್ತಿ ಅವರೇ, ಧೈರ್ಯ ಆಗಲೂ ಕಡಿಮೆ ಇರಲಿಲ್ಲ. ಬದಲಾದದ್ದು ಏನು? ಬರೋಡಾದಲ್ಲಿ ಒಬ್ಬರೇ ಇದ್ದರು. ಮಹಾಡದಲ್ಲಿ ಸಾವಿರಾರು ಜನ ಜೊತೆಯಲ್ಲಿದ್ದರು.

ನನಗೆ ಹೊಳೆದದ್ದು ಇಷ್ಟು. ಸತ್ಯ ಹೇಳುವುದನ್ನು ನಾವು ಒಬ್ಬೊಬ್ಬರ ಗುಣ ಎಂದುಕೊಂಡಿದ್ದೇವೆ. ಆದರೆ ಬಾಯಿ ಬಿಟ್ಟರೆ ಅನ್ನ ಹೋಗುತ್ತದೆ ಎನ್ನುವವರಿಗೆ ಸತ್ಯ ಹೇಳಲು ಪಕ್ಕದಲ್ಲಿ ಜನ ಬೇಕು. ಬುದ್ಧ, ಧಮ್ಮದ ಜೊತೆಗೆ ಸಂಘಕ್ಕೂ ಶರಣು ಹೋಗುತ್ತೇವಲ್ಲ, ಅದು ಇದಕ್ಕೇ ಇರಬೇಕು. ಒಬ್ಬಂಟಿಯಾಗಿ ಹೆಸರು ಮುಚ್ಚಿಟ್ಟವರ ಮೇಲೆ ತಪ್ಪು ಹೊರಿಸುವ ಮೊದಲು, ಅವರು ಒಬ್ಬಂಟಿ ಆದದ್ದು ಹೇಗೆ ಎಂದು ನಮ್ಮ ಸಂಘ ಕೇಳಿಕೊಳ್ಳಬೇಕು.

ಕಾನೂನಿಗೂ ಈ ಜಾಗ ಗೊತ್ತು. ಶಾಲೆಯ ಬಿಸಿಯೂಟಕ್ಕೆ ಅಡುಗೆಯವರನ್ನು ನೇಮಿಸುವಾಗ ದಲಿತರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟು 2004ರಲ್ಲಿ ಆದೇಶಿಸಿತು. ಒಂದೇ ಕೈಯ ಅಡುಗೆ ಉಂಡ ಮಕ್ಕಳು ಮುಂದೆ 'ಯಾವ ಜನ' ಎಂದು ಕೇಳದೆ ಇರಲಿ ಎಂಬ ಆಸೆ ಅದರ ಹಿಂದಿದೆ ಎಂದು ನಾನು ತಿಳಿದಿದ್ದೇನೆ.

ಮರುವರ್ಷ ಮೇಳಕ್ಕೆ ನಾನು ಹೋಗಲಿಲ್ಲ, ಮನಸ್ಸಾಗಲಿಲ್ಲ. ಈ ಸಲ ಸಂಘದಲ್ಲಿ ಎಲ್ಲರೂ ಕೂತು ಮಾತಾಡಿದೆವು. ಹಿರಿಯಕ್ಕನೇ ಕೊನೆಗೆ "ಹಾಕು, ಏನಾದ್ರೂ ಆಗ್ಲಿ, ನಾನೂ ಬಂದು ಕೂತ್ಕತೀನಿ" ಅಂದರು. ಚೀಟಿಯ ಮೇಲೆ ಸಂಘದ ಹೆಸರು, ಊರು, ಮಾಡಿದ ದಿನಾಂಕ, ಹಾಕಿದ ಸಾಮಾನು, ಒಂದು ಚಿಕ್ಕ ಬುದ್ಧರ ಚಿತ್ರ. ಮಳಿಗೆಯಲ್ಲಿ ಒಬ್ಬಳೇ ನಿಲ್ಲಲಿಲ್ಲ, ನಾಲ್ವರು ನಿಂತೆವು.

40 ಬಾಟಲಿಯಲ್ಲಿ 23 ಹೋದವು. ಚೀಟಿ ಓದಿ ಮೆಲ್ಲಗೆ ಕೆಳಗಿಟ್ಟವರನ್ನು ಕಂಡೆವು. ಓದಿದ ಮೇಲೆಯೇ ಎರಡು ಕೊಂಡ ಕಾಲೇಜು ಹುಡುಗಿಯರನ್ನೂ ಕಂಡೆವು. ಗುರುಪುರದ ಕ್ಯಾಂಪಿನಿಂದ ಬಂದಿದ್ದ ಒಬ್ಬ ಟಿಬೆಟನ್ ಅಜ್ಜಿ ಚಿತ್ರಕ್ಕೆ ಕೈ ಮುಗಿದು, ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡರು. ಒಬ್ಬರು "ಯಾವ ಜನ ನೀವು?" ಎಂದು ಕೇಳಿದರು. ಹಿರಿಯಕ್ಕ ಚೀಟಿ ತೋರಿಸಿ, "ಬೌದ್ಧರು ಕಣಪ್ಪ. ಬಾಬಾಸಾಹೇಬ್ರ ಜನ" ಅಂದರು. ಆ ಮನುಷ್ಯ ಕೊಳ್ಳದೆ ಹೋದರು. ನಮಗೇನೂ ಆಗಲಿಲ್ಲ. ನನಗೆ ಮಾತ್ರ ಮೂರು ವರ್ಷದಿಂದ ಎದೆಯಲ್ಲಿದ್ದ ಭಾರ ಇಳಿಯಿತು.

ಬಹುಮಾನ ಈ ಸಲ ಬರಲಿಲ್ಲ. ಮೊದಲ ಬಹುಮಾನ ಬಂದ ನಿಂಬೆಕಾಯಿಯನ್ನು ರುಚಿ ನೋಡಿದೆ, ನಿಜಕ್ಕೂ ನನ್ನದಕ್ಕಿಂತ ಚೆನ್ನಾಗಿತ್ತು.

ಉಳಿದ 17 ಬಾಟಲಿ ಮನೆಯಲ್ಲಿವೆ. ಉಪ್ಪು ಸರಿಯಾಗಿದೆ, ಎಣ್ಣೆ ಮೇಲೆ ನಿಂತಿದೆ, ಕೆಡುವುದಿಲ್ಲ. ನಿಧಾನಕ್ಕೆ ಹೋಗಲಿ.

ಆ ಹುಡುಗನಿಗೆ ನನ್ನ ಉತ್ತರ: ಮಗಾ, ನೀನು ಹೇಳದೆ ಇದ್ದದ್ದು ಮುಸಾವಾದವಲ್ಲ. ಬೇರೆ ಜಾತಿಯ ಹೆಸರು ಹೇಳಬೇಡ, ಅದು ನಿನ್ನನ್ನೇ ಒಳಗಿನಿಂದ ತಿನ್ನುತ್ತದೆ. ಹೇಳಿಬಿಟ್ಟಿದ್ದರೆ ಕ್ಷಮಿಸಿಕೊಂಡು ಶೀಲವನ್ನು ಮತ್ತೆ ಸ್ವೀಕರಿಸು. ಶೀಲ ಅಂದರೆ ದಿನವೂ ಮತ್ತೆ ಕೈಗೊಳ್ಳುವ ಅಭ್ಯಾಸ ತಾನೆ? ಮುಂದಿನ ಸಲ ರೂಮು ನೋಡಲು ಹೋಗುವಾಗ ಒಬ್ಬನೇ ಹೋಗಬೇಡ, ನಮಗೆ ಹೇಳು.

ಇಂದಿನ ಅಭ್ಯಾಸ: ನಮ್ಮ ಬಳಗದಲ್ಲಿ ಯಾರು ಎಲ್ಲಿ ಒಬ್ಬಂಟಿಯಾಗಿ ಹೆಸರು ಮುಚ್ಚಿಟ್ಟು ಬದುಕುತ್ತಿದ್ದಾರೆ ಎಂದು ಐದು ನಿಮಿಷ ಯೋಚಿಸೋಣ. ಅವರಲ್ಲಿ ಒಬ್ಬರಿಗೆ ಇವತ್ತು ಫೋನ್ ಮಾಡೋಣ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.