*ಹೆಸರಿನ ಕೊನೆಯ ಒಂದಕ್ಷರ*

*ಇಂದಿನ ಧಮ್ಮಚಿಂತನೆ*

ಭಾನುವಾರ ಹೆಬ್ಬಾಳದ ನಮ್ಮ ಬಳಗದಲ್ಲಿ ಹತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಬುದ್ಧ ಅನ್ನೋದು ಅಂಕಿತನಾಮನಾ, ಅನ್ವರ್ಥನಾಮನಾ?"

ಒಳ್ಳೆಯ ಪ್ರಶ್ನೆ. ಹುಟ್ಟಿದಾಗ ಇಟ್ಟ ಹೆಸರು ಅಂಕಿತನಾಮ. ಗುಣ, ಸ್ವಭಾವ, ವೃತ್ತಿಯಿಂದ ಬಂದದ್ದು ಅನ್ವರ್ಥನಾಮ. ಸಿದ್ಧಾರ್ಥ ಎಂಬುದು ಅಂಕಿತನಾಮ, ಬುದ್ಧ ಎಂಬುದು ಅನ್ವರ್ಥನಾಮ. 'ಬುಧ್' ಧಾತುವಿಗೆ 'ತ' ಪ್ರತ್ಯಯ ಸೇರಿ 'ಬುದ್ಧ' ಆಯಿತು. ಎಚ್ಚರಗೊಂಡವರು ಎಂದರ್ಥ. ಅದು ಕ್ರಿಯೆಯಿಂದ ಹುಟ್ಟಿದ ಪದ, ಕೃದಂತ. ಹುಟ್ಟಿನಿಂದ ಬರುವುದಲ್ಲ, ಸಾಧನೆಯಿಂದ ಪಡೆಯುವುದು.

ಸುತ್ತನಿಪಾತದ ವಸಲ ಸುತ್ತ ನೋಡಿ. ಸಾವತ್ಥಿಯಲ್ಲಿ ಭಿಕ್ಷೆಗೆ ಬಂದ ಭಗವಾನರನ್ನು ಅಗ್ಗಿಕ ಭಾರದ್ವಾಜನೆಂಬ ಬ್ರಾಹ್ಮಣ ದೂರದಿಂದಲೇ ತಡೆದ. 'ಸಮಣ' ಗೌರವದ ಪದ. ಅವನು ಅದಕ್ಕೆ 'ಕ' ಅಂಟಿಸಿ 'ಸಮಣಕ' ಎಂದ. ಕೀಳು ಜಾತಿಯವನು ಎಂಬರ್ಥದ 'ವಸಲ'ಕ್ಕೂ 'ಕ' ಸೇರಿಸಿದ. ಒಂದು ಪ್ರತ್ಯಯದಲ್ಲೇ ಅಷ್ಟೂ ತಾತ್ಸಾರ!

ನಮಗಿದು ಹೊಸದೇ? ಅಲ್ಲಿ ಅಂಟಿಸಿದರು, ನಮ್ಮಲ್ಲಿ ಕಿತ್ತುಕೊಂಡರು. ಮಾದಯ್ಯ 'ಮಾದ' ಆದರು, ನಿಂಗಮ್ಮ 'ನಿಂಗಿ' ಆದರು. ನಮ್ಮಪ್ಪನ ಹೆಸರಿನ 'ಅಯ್ಯ' ನಮ್ಮ ಕೇರಿ ದಾಟಲಿಲ್ಲ. ಊರೊಳಗೆ ಚಿಕ್ಕ ಹುಡುಗರೂ 'ಬಾರ್ಲಾ' ಎನ್ನುತ್ತಿದ್ದರು. ಬೇರೆಯವರು 'ಬಂದರು', ಅಪ್ಪ ಮಾತ್ರ 'ಬಂದ'.

ಭಗವಾನರು ಬೈಗುಳಕ್ಕೆ ಬೈಗುಳ ಕೊಡಲಿಲ್ಲ. ವಸಲ ಯಾರು, ಯಾವ ಗುಣದಿಂದ ವಸಲನಾಗುತ್ತಾನೆ ಗೊತ್ತೇ ಎಂದು ಕೇಳಿದರು. ಹಗೆ ಸಾಧಿಸುವವನು, ಸಾಲ ಪಡೆದು ಇಲ್ಲವೆನ್ನುವವನು, ಮುಪ್ಪಿನ ತಂದೆತಾಯಿಯರನ್ನು ಸಾಕದವನು, ತನ್ನನ್ನು ಹೊಗಳಿಕೊಂಡು ಇತರರನ್ನು ಹೀಗಳೆಯುವವನು ವಸಲ ಎಂದರು. ಹುಟ್ಟಿಗೆ ಅಂಟಿದ್ದ ಪದವನ್ನು ನಡತೆಗೆ ಕಟ್ಟಿದರು. ಚಂಡಾಲ ಕುಲದ ಮಾತಂಗನ ಸೇವೆಗೆ ಕ್ಷತ್ರಿಯರು, ಬ್ರಾಹ್ಮಣರು ಬಂದದ್ದನ್ನು ನೆನಪಿಸಿದರು. ಕೊನೆಗೆ ಭಾರದ್ವಾಜನೇ ಶರಣು ಬಂದ.

ಬಾಬಾಸಾಹೇಬರು ಅಷ್ಟೆಲ್ಲ ಕೆಲಸದ ನಡುವೆ ಪಾಲಿ ವ್ಯಾಕರಣ, ನಿಘಂಟಿಗೂ ಕೈಹಾಕಿದ್ದರು. ಅವರ ಇಂಗ್ಲಿಷ್ ಬರಹಗಳ 16ನೇ ಸಂಪುಟ ಅದೇ. ಪದದೊಳಗೆ ಏನಿದೆ ಎಂದು ಬಿಡಿಸಿ ನೋಡುವುದೂ ಧಮ್ಮದ ಕೆಲಸವೇ.

ಈಗ ನನ್ನ ತಪ್ಪು ಹೇಳುತ್ತೇನೆ. ಮೊನ್ನೆ ಇಲ್ಲೇ ಕೈಗಾರಿಕಾ ಪ್ರದೇಶದ ಟೀ ಅಂಗಡಿಯಲ್ಲಿ ಲೋಟ ತೊಳೆಯುತ್ತಿದ್ದ ಹೊರರಾಜ್ಯದವರೊಬ್ಬರಿಗೆ "ಲೋ, ನೀರು ತಗಂಬಾ" ಅಂದೆ. ಅವರು ನನಗಿಂತ ಹಿರಿಯರು. ಕನ್ನಡ ಬಾರದಿದ್ದರೂ ಧಾಟಿ ಅರ್ಥವಾಯಿತು, ತಲೆ ತಗ್ಗಿಸಿದರು. ಅಪ್ಪನನ್ನು ಇರಿದ ಮಾತು ನನ್ನ ಬಾಯಲ್ಲೇ ಇತ್ತು. ಮರುದಿನ ಹೋಗಿ "ಅಣ್ಣಾ" ಎಂದು ಕರೆದು ಕ್ಷಮೆ ಕೇಳಿದೆ.

22 ಪ್ರತಿಜ್ಞೆ ಸ್ವೀಕರಿಸಿದ ಬಾಯಿಂದ ಆ 'ಲೋ' ಬರಬಾರದು.

*ಇಂದಿನ ಅಭ್ಯಾಸ:* ಕಸ ಗುಡಿಸುವವರು, ಲೋಟ ತೊಳೆಯುವವರು, ಗೇಟು ಕಾಯುವವರು, ಎಲ್ಲರಿಗೂ 'ಬನ್ನಿ', 'ಹೇಳಿ' ಎನ್ನೋಣ. ಸಮ್ಮಾ ವಾಚಾ ಇಲ್ಲಿಂದಲೇ ಶುರುವಾಗಲಿ. ಮನೆಯಲ್ಲಿ ಮಕ್ಕಳಿಗೆ ಅಜ್ಜ ಅಜ್ಜಿಯ ಪೂರ್ತಿ ಹೆಸರು ಹೇಳಿಕೊಡೋಣ.

ಭವತು ಸಬ್ಬ ಮಂಗಲಂ 🌸
— ಅಧ್ಯಯನ ಬಳಗ, ಹೆಬ್ಬಾಳ, ಮೈಸೂರು
(ಓದಿ, ನಾಲ್ವರಿಗೆ ಕಳುಹಿಸಿ)