ಹೇಳಿದ ಮಾತು ಕೇಳುವ ಮಗು

ನಮ್ಮ ಕಿರಿಯ ಮಗ ಓದುವ ಶಾಲೆಯಲ್ಲಿ ಕಳೆದ ತಿಂಗಳ ಒಂದು ಶನಿವಾರ ಪಾಲಕರನ್ನು ಕರೆದಿದ್ದರು. ಮಕ್ಕಳು ವರ್ಗದಲ್ಲಿ ಏನೇನು ಮಾಡಿ ಕಲಿಯುತ್ತಾರೆಂಬುದನ್ನು ಕಣ್ಣಾರೆ ನೋಡಿ ಹೋಗಿ ಎಂದು ಚೀಟಿ ಬಂದಿತ್ತು. ಕೇಂದ್ರ ಸರಕಾರದ ಗುಮಾಸ್ತರಿಗೆ ಶನಿವಾರ ರಜೆ ಎಂಬುದು ನಮ್ಮ ಮನೆಯಾಕೆಗೆ ಚೆನ್ನಾಗಿ ಗೊತ್ತಿರುವುದರಿಂದ ತಪ್ಪಿಸಿಕೊಳ್ಳಲು ನೆಪವೇನೂ ಸಿಗಲಿಲ್ಲ. ಕನ್ನಡ ಶಾಲೆಯೇ ಎಂದು ಕೇಳುವ ಓದುಗರಿದ್ದಾರೆ. ಅಲ್ಲ, ಇಂಗ್ಲಿಷ್ ಮಾಧ್ಯಮದ್ದು. ಆ ತಪ್ಪೊಪ್ಪಿಗೆ ಇನ್ನೊಮ್ಮೆ ಆಗಲಿ.

ಹೋದದ್ದು ಒಳ್ಳೆಯದೇ ಆಯಿತು. ಎರಡನೆಯ ಇಯತ್ತೆಯ ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಿಂದ ರಸ್ತೆ ಬರೆದಿದ್ದರು. ಅದಕ್ಕೆ ಅಡ್ಡಲಾಗಿ ಬಿಳಿಯ ಪಟ್ಟೆಗಳು, ಪಕ್ಕದಲ್ಲಿ ರಟ್ಟಿನ ಸಿಗ್ನಲ್ಲು. ಒಬ್ಬ ದಪ್ಪ ಹುಡುಗ ಬೆಸ್ಟ್ ಬಸ್ಸಾಗಿ ಗುರುಗುಟ್ಟುತ್ತ ಬಂದ. ಕೆಂಪು ಕಾಗದ ಕಂಡೊಡನೆ ನಿಂತ. (ನಿಜವಾದ ಬಸ್ಸುಗಳೂ ಹೀಗೆಯೇ ನಿಲ್ಲುವುದಾದರೆ ಎಷ್ಟು ಚೆನ್ನ!) ಇನ್ನೊಂದು ಮೂಲೆಯಲ್ಲಿ ಹುಣಸೆಬೀಜಗಳನ್ನು ಹತ್ತತ್ತು ಗುಂಪು ಮಾಡಿ ಲೆಕ್ಕ ಹಾಕುತ್ತಿದ್ದರು. ಆಮೇಲೆ ಶಿಕ್ಷಕಿ ಎರಡು ಮೇಣಬತ್ತಿಗಳನ್ನು ಹಚ್ಚಿ, ಒಂದರ ಮೇಲೆ ಚಿಕ್ಕ ಗಾಜಿನ ಲೋಟ, ಇನ್ನೊಂದರ ಮೇಲೆ ದೊಡ್ಡ ಗಾಜಿನ ಭರಣಿ ಬೋರಲು ಹಾಕಿದರು. ಯಾವುದು ಮೊದಲು ಆರುತ್ತದೆಂದು ಮಕ್ಕಳೆಲ್ಲ ಒಕ್ಕೊರಲಿನಿಂದ ಅಂಕಿ ಎಣಿಸಿದರು. ಲೋಟದ್ದು ಮೊದಲು ಆರಿತು. ಬಿ.ಎಸ್ಸಿ. ಮುಗಿಸಿ ಇಪ್ಪತ್ತು ವರ್ಷಗಳಿಂದ ಪ್ರವಾಸ ಭತ್ಯೆಯ ಬಿಲ್ಲುಗಳನ್ನು ಮಾತ್ರ ಪರೀಕ್ಷಿಸುತ್ತ ಬಂದಿರುವ ನಮಗೆ, ಆ ಕ್ಷಣದಲ್ಲಿ ಕಾಲೇಜಿನ ಪ್ರಯೋಗಶಾಲೆಯ ವಾಸನೆ ಬಂದಂತಾಯಿತು.

ಮೇಣಬತ್ತಿಯಿಂದ ಮಾತು ಬೆಂಕಿಗೆ ಹೋಯಿತು. ಬಿಸಿಯಾದ ಹೊಗೆ ಮೇಲಕ್ಕೇರುತ್ತದೆ, ಉಸಿರಾಡುವ ಗಾಳಿ ನೆಲದ ಹತ್ತಿರ ಉಳಿಯುತ್ತದೆ, ಆದುದರಿಂದ ಹೊಗೆ ತುಂಬಿದ ಕೋಣೆಯಲ್ಲಿ ಬಗ್ಗಿ, ಬೇಕಾದರೆ ತೆವಳಿ, ಹೊರಬೀಳಬೇಕು. ಇಷ್ಟನ್ನು ಹೇಳಲು ಶಿಕ್ಷಕಿ ಹಳೆಯದೊಂದು ಬೂದು ಸೀರೆ ತಂದಿದ್ದರು. ಇಬ್ಬರು ಹುಡುಗಿಯರು ಅದನ್ನು ಎರಡು ತುದಿಯಲ್ಲಿ ಹಿಡಿದು ಹರಡಿದರು. ಸೀರೆಯೇ ಹೊಗೆ. ತಲೆಗೆ ಸೀರೆ ತಾಗಿದವನು ಸೋತ. ಮಕ್ಕಳು ಕಿಲಕಿಲನೆ ನಗುತ್ತ ಅದರ ಅಡಿಯಲ್ಲಿ ತೆವಳಿದರು.

ಕೊನೆಗೆ ಗಂಟೆಯ ಅಭ್ಯಾಸ. ಪಾಲಕರನ್ನೆಲ್ಲ ಮೊದಲೇ ಮೈದಾನಕ್ಕೆ ಕಳಿಸಿದರು. ಗಂಟೆ ಬಿಟ್ಟು ಬಿಟ್ಟು ಬಾರಿಸಿತು. ವರ್ಗದಿಂದ ಮಕ್ಕಳು ಸಾಲಾಗಿ, ದಬ್ಬಾಡದೆ, ಚೀಲಗಳನ್ನು ಅಲ್ಲೇ ಬಿಟ್ಟು ಹೊರಬಂದರು. ಶಿಕ್ಷಕಿ ಹಾಜರಿ ಪುಸ್ತಕ ತೆರೆದು ಹೆಸರು ಕೂಗಿದರು. ಒಂದು ಹೆಸರಿಗೆ ಉತ್ತರವಿಲ್ಲ. ಅದು ನಮ್ಮ ಮಗನ ಹೆಸರು.

ಅವನು ವರ್ಗದಲ್ಲಿಯೇ ಇದ್ದ. ಹುಣಸೆಬೀಜಗಳ ಮುಂದೆ ಕಾಲು ಮಡಚಿ ಕುಳಿತಿದ್ದ. ಗಂಟೆ ಕೇಳಿಸಲಿಲ್ಲವೇನೋ ಎಂದು ನಾವು ಕೇಳಿದ್ದಕ್ಕೆ, “ಕೇಳಿಸಿತು ಅಪ್ಪಾ. ಆದರೆ ಲೆಕ್ಕ ಮುಗಿಯೂವರೆಗೆ ಏಳಬೇಡ ಅಂತ ಟೀಚರ್ ಹೇಳಿದ್ರಲ್ಲ” ಎಂದ.

ನೆರೆದ ಪಾಲಕರು ನಕ್ಕರು. ಒಬ್ಬ ತಾಯಿ, ಎಂಥ ಮಾತು ಕೇಳುವ ಮಗು ಎಂದು ಅವನ ಕೆನ್ನೆ ಸವರಿದರು. ಸುಳ್ಳೇಕೆ ಹೇಳಬೇಕು, ಅರೆಗಳಿಗೆ ನಮಗೂ ಎದೆಯುಬ್ಬಿತು. ನಗದೆ ಇದ್ದವರು ಶಿಕ್ಷಕಿಯೊಬ್ಬರೇ. ಸಾತಾರಾ ಕಡೆಯವರು, ವಯಸ್ಸು ಮೂವತ್ತೂ ಇರಲಾರದು. “ತಪ್ಪು ನನ್ನದು. ನನ್ನ ಮಾತಿಗಿಂತ ಗಂಟೆ ದೊಡ್ಡದು ಅಂತ ನಾನು ಇವನಿಗೆ ಯಾವತ್ತೂ ಹೇಳಿಲ್ಲ” ಎಂದು ಹಿಂದಿಯಲ್ಲಿ ಹೇಳಿದರು. ಆ ಮಾತು ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ತಪ್ಪು ಅವರದಲ್ಲ, ನಮ್ಮದು. ಮನೆಯಲ್ಲಿ ಈ ಹುಡುಗನಿಗೆ ಏಳು ವರ್ಷಗಳಿಂದ ನಾವು ಕೊಟ್ಟ ಶಿಕ್ಷಣವೆಲ್ಲ ಒಂದೇ: ದೊಡ್ಡವರ ಮಾತು ಕೇಳು.

ನಾವು ಬೆಳೆದದ್ದೂ ಹಾಗೆಯೇ. ಕುಮಟೆಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಮನೆಯ ಹಿತ್ತಿಲ ಬಾವಿಗೆ ಕಟ್ಟೆ ಇರಲಿಲ್ಲ. ಮಕ್ಕಳು ಬಾವಿಯ ಹತ್ತಿರ ಸುಳಿಯದಂತೆ ಹಿರಿಯರು ಅದರೊಳಗೆ ಒಂದು ಭೂತವನ್ನು ಇರಿಸಿದ್ದರು. ಕಟ್ಟೆ ಕಟ್ಟಿಸುವುದಕ್ಕಿಂತ ಭೂತ ಅಗ್ಗವಲ್ಲವೇ! ನಾವು ಯಾರೂ ಬಾವಿಗೆ ಬೀಳಲಿಲ್ಲ, ನಿಜ. ಆದರೆ ಹನ್ನೆರಡನೆಯ ವಯಸ್ಸಿಗೆ ಭೂತ ಸುಳ್ಳೆಂದು ತಿಳಿದಾಗ ಬಾವಿಯ ಭಯವೂ ಹೊರಟುಹೋಗಿ, ಕಟ್ಟೆಯಿಲ್ಲದ ಅಂಚಿನ ಮೇಲೆ ಕಾಲು ಇಳಿಬಿಟ್ಟು ಕುಳಿತು ಪೇರಲೆ ತಿಂದದ್ದೂ ಉಂಟು. ಸುಳ್ಳಿನಿಂದ ಕಾಪಾಡಿದ ಕಾವಲು ಸುಳ್ಳು ಬಯಲಾಗುವವರೆಗೆ ಮಾತ್ರ.

ಹಿರಿಯರ ಮಾತನ್ನು ಕೇಳಬೇಕೋ ಬೇಡವೋ ಎಂಬ ವಿಷಯದಲ್ಲಿ ನಮ್ಮ ಪುರಾಣಗಳೇ ಒಮ್ಮತಕ್ಕೆ ಬಂದಿಲ್ಲ. ತಂದೆ ಹೇಳಿದನೆಂದು ಪರಶುರಾಮ ತಾಯಿಯ ತಲೆಯನ್ನೇ ಕಡಿದ. ತಂದೆ ಹೇಳಿದರೂ ಪ್ರಹ್ಲಾದ ಕೇಳಲಿಲ್ಲ. ಇಬ್ಬರನ್ನೂ ನಾವು ಕೈಮುಗಿದು ನೆನೆಯುತ್ತೇವೆ. ಆದರೆ ಮನೆಯಲ್ಲಿ ಮಕ್ಕಳು ಪ್ರಹ್ಲಾದರಾದರೆ ಯಾವ ತಂದೆಯೂ ಸಹಿಸುವುದಿಲ್ಲ; ಯಾವ ತಂದೆಯೂ ತನ್ನನ್ನು ಹಿರಣ್ಯಕಶಿಪು ಎಂದುಕೊಳ್ಳುವುದೂ ಇಲ್ಲ.

ಊರು ಬಿಟ್ಟು ಬಂದ ನಮ್ಮಂಥವರಲ್ಲಿ ಈ ವಿಧೇಯತೆ ಇನ್ನಷ್ಟು ಗಟ್ಟಿಯಾಗುತ್ತದೆಂದು ನಮಗೆ ತೋರುತ್ತದೆ. ಪರವೂರು, ಪರಭಾಷೆ, ಯಾರ ಬಾಯಿಂದಲೂ ಒಂದು ಮಾತು ಬರಬಾರದು, ತಲೆ ತಗ್ಗಿಸಿ ಇದ್ದುಬಿಡೋಣ ಎಂಬುದು ನಮ್ಮ ಮೊದಲ ಪಾಠ. ಅದರ ಮೇಲೆ ಸರಕಾರಿ ಕಚೇರಿ. ಅಲ್ಲಿ ಮೇಲಿನವರ ಸಹಿಯಿಲ್ಲದೆ ಫೈಲು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ತಪ್ಪು ನಡೆದರೂ ಆದೇಶದ ಪ್ರತಿಯೊಂದು ಕೈಯಲ್ಲಿದ್ದರೆ ಗುಮಾಸ್ತ ಬಚಾವು. ಇಂಥ ತಂದೆಯ ಮಗ ಗಂಟೆ ಬಾರಿಸಿದರೂ ಏಳದೆ ಕುಳಿತದ್ದರಲ್ಲಿ ಆಶ್ಚರ್ಯವೇನು? ಅವನ ಬಳಿಯೂ ಆದೇಶವಿತ್ತು.

ಆದರೆ ಬೆಂಕಿ ಆದೇಶದ ಪ್ರತಿಯನ್ನು ಓದುವುದಿಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದಲ್ಲಿ ಒಂದು ಶಾಲೆಗೆ ಬೆಂಕಿ ಬಿದ್ದು 94 ಮಕ್ಕಳು ತೀರಿಕೊಂಡರು. ಬಿಸಿಯೂಟದ ಅಡಿಗೆಮನೆಯ ಕಿಡಿ, ಮೇಲಂತಸ್ತಿನ ಗರಿಯ ಚಪ್ಪರ, ಇಕ್ಕಟ್ಟಾದ ದಾರಿ. ಇಷ್ಟೇ ಸಾಕಾಯಿತು. ಅದು ದೊಡ್ಡವರ ಅಪರಾಧ. ಮಕ್ಕಳಿಗೆ ಎಷ್ಟು ಪಾಠ ಹೇಳಿದರೂ ಗರಿಯ ಚಪ್ಪರ ಹೆಂಚಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಸುರಕ್ಷತೆಯ ಪಾಠವೆಂಬುದು ದೊಡ್ಡವರು ತಮ್ಮ ಹೊಣೆಯನ್ನು ಮಕ್ಕಳ ಹೆಗಲಿಗೆ ದಾಟಿಸುವ ಉಪಾಯವಾದೀತು.

ಮಾತು ಕೇಳುವುದರ ಪ್ರಶ್ನೆಯನ್ನು ತೀಕ್ಷ್ಣವಾಗಿ ಎತ್ತಿದ್ದು ಜಪಾನಿನ ಒಂದು ಪ್ರಾಥಮಿಕ ಶಾಲೆ. 2011ರ ಮಾರ್ಚ್ 11ರ ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಅಲ್ಲಿ ಭೂಕಂಪವಾಯಿತು. ಇಷಿನೊಮಾಕಿ ಎಂಬ ಊರಿನ ಒಕಾವಾ ಶಾಲೆಯ ಶಿಕ್ಷಕರು ಮಕ್ಕಳನ್ನು ಕಟ್ಟಡದಿಂದ ಹೊರಗೆ ತಂದು ಅಂಗಳದಲ್ಲಿ ಶಿಸ್ತಾಗಿ ನಿಲ್ಲಿಸಿದರು. ಅಲ್ಲಿಯವರೆಗೆ ಎಲ್ಲ ಸರಿ. ಶಾಲೆಯ ಹಿಂದೆಯೇ ಗುಡ್ಡವಿತ್ತು. ಎಲ್ಲಿಗೆ ಹೋಗಬೇಕೆಂಬ ತೀರ್ಮಾನವಾಗದೆ ಮುಕ್ಕಾಲು ಗಂಟೆಯ ಹತ್ತಿರ ಅಂಗಳದಲ್ಲಿಯೇ ಕಳೆಯಿತು. ನದಿಯ ಮೇಲೆ ಏರಿ ಬಂದ ಸುನಾಮಿ 74 ಮಕ್ಕಳನ್ನೂ 10 ಮಂದಿ ಶಿಕ್ಷಕರನ್ನೂ ಒಯ್ದಿತು. ಆ ಶಿಕ್ಷಕರು ಕೆಟ್ಟವರಲ್ಲ; ಮಕ್ಕಳ ಜೊತೆಯಲ್ಲಿಯೇ ಹೋದರು. ತಂದೆತಾಯಂದಿರು ನ್ಯಾಯಾಲಯಕ್ಕೆ ಹೋದರು. ಶಾಲೆಯ ಆಡಳಿತದ ಹೊಣೆಗೇಡಿತನವೆಂದು ಆದ ತೀರ್ಪನ್ನು 2019ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು.

ಅದೇ ದಿನ, ಅದೇ ಕರಾವಳಿಯ ಕಮಾಯಿಶಿ ಎಂಬ ಊರಿನಲ್ಲಿ ಶಾಲಾಮಕ್ಕಳು ಸುಮಾರು ಮೂರು ಸಾವಿರ ಮಂದಿ ಉಳಿದುಕೊಂಡರು. ಅವರಿಗೆ ಕತಾದಾ ಎಂಬ ಪ್ರಾಧ್ಯಾಪಕರು ವರ್ಷಗಟ್ಟಲೆ ಕಲಿಸಿದ್ದ ಪಾಠದ ಮೊದಲ ಸೂತ್ರವೇ, ಮೊದಲೇ ಹೀಗೆ ಆಗುತ್ತದೆಂದು ಬರೆದಿಟ್ಟದ್ದನ್ನು ನಂಬಿ ಕೂರಬೇಡಿ ಎಂಬುದಾಗಿತ್ತು. ಯಾರೂ ಓಡದಿದ್ದರೆ ನೀನೇ ಮೊದಲು ಓಡು ಎಂದೂ ಹೇಳಿಕೊಟ್ಟಿದ್ದರು. ದೊಡ್ಡ ತರಗತಿಯ ಮಕ್ಕಳು ಓಡಿದ್ದನ್ನು ಕಂಡು ಪಕ್ಕದ ಪ್ರಾಥಮಿಕ ಶಾಲೆಯ ಮಕ್ಕಳೂ ಓಡಿದರು. ಗೊತ್ತುಮಾಡಿದ್ದ ಜಾಗವೂ ಸಾಲದೆಂದು ತೋರಿದಾಗ ಇನ್ನೂ ಮೇಲಕ್ಕೆ ಹೋದರು. ಕಲಿಸಿದ ಗುರುವಿನ ಮಾತು ಕೇಳಿಯೇ ಅವರು ಮಾತು ಮೀರಿದರು!

ಇದನ್ನೋದಿ ನಾಳೆಯಿಂದ ಮಕ್ಕಳಿಗೆ ಯಾರ ಮಾತನ್ನೂ ಕೇಳಬೇಡಿರೆಂದು ಹೇಳೋಣವೇ? ಅಷ್ಟು ಸುಲಭವಾಗಿದ್ದರೆ ಈ ಲೇಖನವೇ ಬೇಕಿರಲಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಝದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಈ ಪತ್ರಿಕೆಯ ಓದುಗರಲ್ಲಿ ಬಹಳ ಮಂದಿ ಇದೇ ಊರಿನಲ್ಲಿದ್ದರು. ನಾವೂ ಆಗಷ್ಟೇ ನೌಕರಿಗೆ ಬಂದವರು, ಸೊಂಟದ ನೀರಿನಲ್ಲಿ ರಾತ್ರಿಯಿಡೀ ನಡೆದೆವು. ಎಷ್ಟೋ ಶಾಲೆಗಳು ಅಂದು ಮಕ್ಕಳನ್ನು ಹೊರಗೆ ಬಿಡದೆ ಮೇಲಂತಸ್ತಿನಲ್ಲಿ ರಾತ್ರಿ ಕಳೆಸಿದವು. ಬಿಸ್ಕತ್ತು ತಿಂದು, ಅಳುತ್ತ, ಹಾಡುತ್ತ ಅಲ್ಲಿಯೇ ಉಳಿದ ಮಕ್ಕಳು ಬೆಳಗಾದ ಮೇಲೆ ಮನೆ ಸೇರಿದವು. ಅಂದು “ಏಳಬೇಡ, ಇಲ್ಲೇ ಕೂತಿರು” ಎಂಬುದೇ ಸರಿಯಾದ ಮಾತಾಗಿತ್ತು. ಹಾಗಾದರೆ ಏಳು ವರ್ಷದ ಮಗು ಯಾವ ದಿನ ಕೂರಬೇಕು, ಯಾವ ದಿನ ಓಡಬೇಕು?

ನಮಗೆ ತೋಚಿದ್ದು ಇಷ್ಟು. ಮಕ್ಕಳು ಪಾಲಿಸುವುದು ಎರಡು ಬಗೆಯದು. ಒಂದು, ಹೇಳಿದವರ ಮುಖ ನೋಡಿ ಪಾಲಿಸುವುದು. ಇನ್ನೊಂದು, ಹೇಳಿದ್ದರ ಕಾರಣ ತಿಳಿದು ಪಾಲಿಸುವುದು. ಸೀರೆಯಡಿಯಲ್ಲಿ ತೆವಳಿದ ಮಗುವಿಗೆ ಹೊಗೆ ಮೇಲೇರುವುದು ಗೊತ್ತು; ನಾಳೆ ಶಿಕ್ಷಕಿ ಇಲ್ಲದ ಕಡೆಯೂ ಅದು ಬಗ್ಗುತ್ತದೆ. ಬರಿದೇ “ಬಗ್ಗು” ಎಂದು ಕಲಿತ ಮಗು ಬಗ್ಗು ಎನ್ನುವವರಿಗಾಗಿ ಕಾಯುತ್ತ ನಿಲ್ಲುತ್ತದೆ. ಆದರೂ ಎಲ್ಲಕ್ಕೂ ಕಾರಣ ಹೇಳಿ ಮುಗಿಸಲಾಗದು. ಮಳೆಗಾಲದ ಬೀದಿಯ ನೀರಿನ ಕೆಳಗೆ ಗಟಾರದ ಬಾಯಿ ತೆರೆದಿರುತ್ತದೆ, ಒದ್ದೆ ಕಂಬದಲ್ಲಿ ವಿದ್ಯುತ್ತು ಹರಿಯುತ್ತಿರುತ್ತದೆ. ಅಲ್ಲಿ ಮೊದಲು ಕೈ ಹಿಡಿದು ಎಳೆಯಬೇಕು, ಕಾರಣ ಆಮೇಲೆ. ಅದನ್ನು ಒಪ್ಪುತ್ತೇವೆ. ಆದರೆ ಆಮೇಲಿನ ಆ ಕಾರಣವನ್ನು ನಾವು ಮನೆಯಲ್ಲಿ ಎಂದಾದರೂ ಹೇಳಿದ್ದೇವೆಯೇ? “ಯಾಕೆ ಅಪ್ಪಾ?” ಎಂಬುದಕ್ಕೆ “ನಾನು ಹೇಳ್ತೇನೆ ಅದಕ್ಕೆ” ಎಂದದ್ದೇ ಹೆಚ್ಚು. ದಣಿದು ಲೋಕಲ್ ರೈಲಿನಿಂದ ಇಳಿದು ಬಂದವನಿಗೆ ಅದು ಹತ್ತಿರದ ದಾರಿ.

ಇನ್ನೊಂದು ವಿಷಯವಿದೆ, ಬರೆಯಲು ಕೈ ಹಿಂಜರಿಯುತ್ತದೆ. ನಾಲ್ಕನೆಯ ಇಯತ್ತೆಯಲ್ಲಿರುವ ನಮ್ಮ ಮಗಳಿಗೆ ಅದೇ ಶಾಲೆಯಲ್ಲಿ ಇನ್ನೊಂದು ಪಾಠವಾಗಿದೆ. ನಿನ್ನ ಮೈ ನಿನ್ನದು, ಮುಟ್ಟುವುದು ಬೇಡವೆನಿಸಿದರೆ ಬೇಡ ಎನ್ನು, ಅಲ್ಲಿಂದ ಬಾ, ನಂಬಿಕೆಯವರಿಗೆ ಹೇಳು. 1098 ಎಂಬ ನಂಬರನ್ನೂ ಬಾಯಿಪಾಠ ಮಾಡಿಸಿದ್ದಾರೆ. 1996ರಲ್ಲಿ ಇದೇ ಮುಂಬಯಿಯಲ್ಲಿ ಶುರುವಾದ ಸಹಾಯವಾಣಿ ಅದು. ಮಕ್ಕಳ ರಕ್ಷಣೆಗೆಂದು 2012ರಲ್ಲಿ ಆದ ಪೋಕ್ಸೋ ಕಾಯಿದೆಯ ಪ್ರಕರಣಗಳಲ್ಲಿ ಆರೋಪಿ ಅಪರಿಚಿತನಾಗಿರುವುದು ತೀರ ಕಡಿಮೆ. ಹೆಚ್ಚು ಕಡಿಮೆ ಎಲ್ಲ ಕಡೆಯೂ ಮಗುವಿಗೆ ಗೊತ್ತಿದ್ದವನೇ. ಇದನ್ನು ಪತ್ರಿಕೆಯಲ್ಲಿ ಓದಿ ತಲೆಯಾಡಿಸುವುದು ಸುಲಭ.

ಕಳೆದ ವಾರ ಊರಿನಿಂದ ನಮ್ಮ ತಂದೆಯ ದಾಯಾದಿ ಅಣ್ಣಂದಿರೊಬ್ಬರು ಕಣ್ಣು ತೋರಿಸಲು ಬಂದಿದ್ದರು. ನಾವು ಕಾಲೇಜಿಗೆ ಹೋಗುವಾಗ ಫೀಸು ಕಟ್ಟಿದವರು. ಎರಡು ಕೋಣೆಯ ನಮ್ಮ ಕ್ವಾರ್ಟರ್ಸಿನಲ್ಲಿ ಅವರಿಗೆ ಮಂಚ ಬಿಟ್ಟುಕೊಟ್ಟು ನಾವು ನೆಲದ ಮೇಲೆ ಮಲಗಿದೆವು. ಅದು ನಮ್ಮ ಸಂತೋಷ. ಸಂಜೆ ಅವರು ಮಗಳನ್ನು, “ಬಾರೇ ಪುಟ್ಟಿ, ಅಜ್ಜನ ತೊಡೆ ಮೇಲೆ ಕೂತ್ಕೋ” ಎಂದು ಕರೆದರು. ಅವಳು “ಬೇಡ” ಎಂದಳು. ಒರಟಾಗಿ ಅಲ್ಲ, ಸುಮ್ಮನೆ. ಅವರ ಚಾಚಿದ ಕೈ ಹಾಗೆಯೇ ನಿಂತಿತು. “ಹಾಗೆಲ್ಲ ಅಂತಾರೇನೇ, ಹೋಗು” ಎಂದು ನಮ್ಮ ಬಾಯಿಂದ ಹೊರಟೇಬಿಟ್ಟಿತ್ತು. ಅಡಿಗೆಮನೆಯಿಂದ ಮನೆಯಾಕೆ, “ಅವಳು ಬೇಡ ಅಂದಳಲ್ಲ” ಎಂದಳು. ಅಷ್ಟೇ.

ದೊಡ್ಡಪ್ಪನವರು ದೇವರಂಥ ಮನುಷ್ಯರು, ಅದರಲ್ಲಿ ನಮಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಮಗುವಿನ ‘ಬೇಡ’ ಕೆಟ್ಟವರ ಮುಂದೆ ಮಾತ್ರ ನಡೆಯಬೇಕೆಂದರೆ, ಯಾರು ಕೆಟ್ಟವರೆಂಬುದನ್ನು ಒಂಬತ್ತು ವರ್ಷದವಳು ಮೊದಲೇ ತಿಳಿಯುವುದು ಹೇಗೆ? ಮನೆಗೆ ಬಂದವರು ಗೌರವಸ್ಥರಾಗಿದ್ದರೆ ಅಪ್ಪನೇ ತನ್ನ ‘ಬೇಡ’ವನ್ನು ಅಳಿಸುತ್ತಾನೆ ಎಂದು ಅವಳು ಇಂದು ಕಲಿತರೆ, ಮುಂದೆ ಯಾರಿಗೆ ಬಂದು ಹೇಳುತ್ತಾಳೆ? ಇನ್ನೊಂದು ಕಡೆ ಆ ಮುದುಕರ ಚಾಚಿದ ಕೈ. ಅದರ ನೋವು ಸುಳ್ಳಲ್ಲ. ಊರಿನಿಂದ ನಮ್ಮನ್ನು ಕಟ್ಟಿಟ್ಟಿರುವುದೇ ಅಂಥ ನಾಲ್ಕು ಕೈಗಳು. ಎರಡನ್ನೂ ತೂಗಿ ನೋಡಿದೆವು. ತಕ್ಕಡಿ ಮಗಳ ಕಡೆಗೇ ಬಾಗಿತು, ಆದರೆ ಹಗುರಾಗಿ ಬಾಗಲಿಲ್ಲ.

ಮೂರನೆಯ ದಿನ ಅವರನ್ನು ಮತ್ಸ್ಯಗಂಧ ರೈಲಿಗೆ ಹತ್ತಿಸಲು ಕುರ್ಲಾ ಟರ್ಮಿನಸ್ಸಿಗೆ ಹೋದೆವು. ಕಿಟಕಿಯ ಪಕ್ಕ ಕುಳಿತು ನೀರಿನ ಬಾಟಲಿ ತೆಗೆದುಕೊಳ್ಳುತ್ತ, “ಪುಟ್ಟಿಗೆ ನನ್ನ ಮೇಲೆ ಏನಾದರೂ ಸಿಟ್ಟೋ ತಮ್ಮಾ?” ಎಂದು ಕೇಳಿದರು. “ಛೆ ಛೆ, ಇಲ್ಲ ದೊಡ್ಡಪ್ಪಾ. ಶಾಲೆಯಲ್ಲಿ ಏನೇನೋ ಕಲಿಸ್ತಾರೆ ಈಗ” ಎಂದೆವು. ನಾವೇ ಕಲಿಸಿದ್ದೇವೆ ಎನ್ನಲು ಬಾಯಿ ಬರಲಿಲ್ಲ. ರೈಲು ಹೊರಟಿತು.